ಅಣ್ಣನ ವಜೀಫಾ

ನಮ್ಮ ಅವ್ವ ಮಕ್ಕಳನ್ನು ಹೆಸರು ಹಿಡಿದು ಕರೆದವಳಲ್ಲ. ಅಣ್ಣ ದೊಡ್ಡ್ಯಾ, ನಾನು ಸಣ್ಣ್ಯಾ. ನಿಲಂಗಾದಿಂದ ಉದಗೀರಕ್ಕೆ ಹೋಗುವ ಬಂಡಿದಾರಿಯ ಊರು ನಮ್ಮದು. ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಉರ್ದು. ಕನ್ನಡವೇನಿದ್ದರೂ ಮನೆಯ ಹೊಸ್ತಿಲೊಳಗೆ. ನಮ್ಮಂಥ ಬಡ ಕನ್ನಡದವರ ಹುಡುಗ ಉದಗೀರದ ಶಾಲೆ ಮುಗಿಸಿದರೆ ಅದೇ ದೊಡ್ಡದು. ಅಂಥದ್ದರಲ್ಲಿ ಅಣ್ಣ, ಹೈದರಾಬಾದಿನಲ್ಲಿ ಮುಂದೆ ಓದಲು ಸರ್ಕಾರ ಹಣ ಕೊಡುವ ವಜೀಫಾದ ಪರೀಕ್ಷೆ ಬರೆದು ಬಂದಿದ್ದ. ನಾನು ಅದೇ ಶಾಲೆಯ ಕೆಳಗಿನ ತರಗತಿಯಲ್ಲಿ ಲೆಕ್ಕಕ್ಕೆ ಹೆದರಿ ಮುದುಡಿ ಕೂತಿರುತ್ತಿದ್ದೆ.

ಆ ವರ್ಷ ಪ್ಲೇಗು ಬಂತು. ಊರವರೆಲ್ಲ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅಣ್ಣನಿಗೂ ನನಗೂ ಒಟ್ಟಿಗೇ ಜ್ವರ ಬಂದು ಕುತ್ತಿಗೆ ಬಾತುಕೊಂಡಿತು. ಕೊರಳಿನ ಶಿವದಾರ ಒತ್ತುತ್ತದೆಂದು ಅವ್ವ ಇಬ್ಬರ ಇಷ್ಟಲಿಂಗಗಳನ್ನೂ ಬಿಚ್ಚಿ ಪಕ್ಕಪಕ್ಕದಲ್ಲೇ ಇಟ್ಟಳು. ನಮ್ಮಲ್ಲಿ ಲಿಂಗ ಮೈಬಿಟ್ಟು ಇರಬಾರದು. ಆದರೆ ಆ ಹೊತ್ತಿಗೆ ಆಕೆಗೆ ಮಕ್ಕಳ ಉಸಿರೇ ಮುಖ್ಯವಾಗಿತ್ತು. ಅಣ್ಣ ಉಳಿಯಲಿಲ್ಲ. ಹೊಲದ ಮೂಲೆಯಲ್ಲಿ ಕುಣಿ ತೋಡಿ, ನಮ್ಮ ಪದ್ಧತಿಯಂತೆ ಅವನನ್ನು ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ ಪತ್ರಿ ಹಾಕಿ ಮಣ್ಣು ಮುಚ್ಚಿದರು.

ಎದ್ದು ಕೂರುವಷ್ಟು ಚೇತರಿಸಿಕೊಂಡ ಮೇಲೆ ನಾನು ಪೂಜೆಗೆಂದು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಅದು ಕೈಗೆ ಹೊಂದಲಿಲ್ಲ. ಹುಟ್ಟಿದಾಗಿನಿಂದ ಮೈಮೇಲಿದ್ದದ್ದು ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ.

"ಅವ್ವಾ, ಇದು ನಂದಲ್ಲ. ಅಣ್ಣಂದು. ನಂದು ಅವನ ಕೈಯಾಗ ಮಣ್ಣಿಗಿ ಹೋಗ್ಯದ."

ಅವ್ವ ನನ್ನ ಮುಖವನ್ನೇ ನೋಡಿದಳು. ಅಳಲಿಲ್ಲ. ಆಕೆಯ ಮುಖದಲ್ಲಿ ಸಂತೋಷದಂಥದ್ದೇನೋ ಮೂಡಿತು. ಅದನ್ನು ಕಂಡು ನನಗೆ ಜ್ವರದಲ್ಲೂ ಆಗದ ಭಯವಾಯಿತು.

ಸುದ್ದಿ ತಿಳಿದು ಮಠದ ಅಯ್ಯನವರು ಬಂದರು. "ಹುಡುಗಗ ಹೊಸಾ ಲಿಂಗಾ ಕಟ್ತೀನಿ ತಾಯಿ. ಇದನ್ನ ಹೊಳಿಗಿ ಬಿಟ್ಟುಬಿಡು," ಎಂದರು.

"ಬ್ಯಾಡ್ರೀ ಅಪ್ಪಾರ," ಎಂದಳು ಅವ್ವ. "ಹ್ವಾದಂವ ಸಣ್ಣ್ಯಾ. ನನ್ನ ದೊಡ್ಡ್ಯಾ ಇಲ್ಲೇ ಕುಂತಾನಲ್ರೀ."

ಅಂದಿನಿಂದ ನಾನು ದೊಡ್ಡ್ಯಾ. ದುಃಖ ಇಳಿದರೆ ಸರಿಹೋಗುತ್ತಾಳೆ ಎಂದು ನಮ್ಮಪ್ಪ ಸುಮ್ಮನಾದ. ಆಕೆ ಸರಿಹೋಗಲಿಲ್ಲ. ಅಣ್ಣನಿಗೆ ಇಷ್ಟವೆಂದು ಪುಂಡಿಪಲ್ಯವನ್ನು ನನ್ನ ತಾಟಿಗೆ ಬಡಿಸುವಳು. ನನಗೋ ಆ ಹುಳಿ ಆಗಿಬರುತ್ತಿರಲಿಲ್ಲ, ಸಿಟ್ಟಿನಿಂದಲೇ ನುಂಗುತ್ತಿದ್ದೆ.

ವಜೀಫಾ ಮಂಜೂರಾಗಿ ಬಂದಾಗ, ಅದನ್ನು ಪಡೆಯಬೇಕಾದವನು ಮಣ್ಣಿನಲ್ಲಿದ್ದ. ಶಾಲೆಯ ದೊಡ್ಡ ಮೌಲ್ವಿ ಸಾಹೇಬರು ಕರುಣೆಯ ಮನುಷ್ಯ. ಮೇಲಿನವರನ್ನು ಒಪ್ಪಿಸಿ, ಅಣ್ಣನ ಬದಲಿಗೆ ನನಗೊಂದು ಪರೀಕ್ಷೆ ಮಾಡಿಸಿದರು. ನಾನು ಖಂಡಿತ ನಪಾಸಾಗುತ್ತೇನೆಂದುಕೊಂಡೇ ಕೂತೆ. ಎದೆಯ ಮೇಲೆ ಅಣ್ಣನ ಲಿಂಗ ತಣ್ಣಗಿತ್ತು. ಲೆಕ್ಕಗಳು ಒಂದಾದ ಮೇಲೊಂದು ಬಿಡಿಸಿಕೊಂಡು ಹೋದವು. ಮೌಲ್ವಿ ಸಾಹೇಬರು ಬೆರಗಾದರು, ನಾನು ಬೆವತುಹೋದೆ. ಅವ್ವನಿಗೊಬ್ಬಳಿಗೆ ಏನೂ ಅನ್ನಿಸಲಿಲ್ಲ.

"ದೊಡ್ಡ್ಯಾಗ ಲೆಕ್ಕಾ ಯಾವಾಗ ತಪ್ಪ್ಯಾವ?" ಎಂದಳು.

ವಜೀಫಾ ನನ್ನದಾಯಿತು; ಉಳಿದ ಶಾಲೆ, ಆಮೇಲೆ ಕಾಲೇಜು ಎರಡೂ ಹೈದರಾಬಾದಿನಲ್ಲೇ. ಅಲ್ಲಿನ ಬೋರ್ಡಿಂಗಿನಲ್ಲಿ ಹೊಟ್ಟೆತುಂಬ ಬಿಸಿ ಊಟ, ದೀಪಕ್ಕೆ ಎಣ್ಣೆ, ಬೇರೆಯವರಿಂದ ಕಡ ತರಬೇಕಿಲ್ಲದ ಪುಸ್ತಕ. ನಮ್ಮೂರಿನ ಯಾವ ಬಡ ಹುಡುಗನಿಗೆ ಇಷ್ಟು ಕೊಟ್ಟಿದ್ದರೂ ಅವನು ಓದಿ ಮುಂದೆ ಬರುತ್ತಿದ್ದ, ಇದರಲ್ಲಿ ಸತ್ತವರ ಕೈವಾಡ ಏನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈಗಲೂ ಹಾಗೇ ವಾದಿಸುತ್ತೇನೆ. ಆದರೆ ಪ್ರತಿ ಸಲ ಪಾಸಾದಾಗಲೂ ಪಾಸಾದವನು ಯಾರು ಎಂಬ ಅನುಮಾನ ಕಾಡುತ್ತಿತ್ತು. ರಜೆಯಲ್ಲಿ ಊರಿಗೆ ಹೋದಾಗ ಒಮ್ಮೆ ಪುಂಡಿಪಲ್ಯವನ್ನು ಮತ್ತೆ ಕೇಳಿ ಹಾಕಿಸಿಕೊಂಡೆ. ಕೇಳಿದ ಮೇಲೆಯೇ ಅದು ನನ್ನ ಗಮನಕ್ಕೆ ಬಂದದ್ದು.

ಕಾಲೇಜು ಮುಗಿಯಿತು. ಉಮರ್ಗಾದ ತಹಸೀಲ ಕಚೇರಿಯಲ್ಲಿ ನೌಕರಿ ಸಿಕ್ಕಿತು. ಆಗ ನನಗಿದ್ದದ್ದು ಒಂದೇ ಆಸೆ. ಅವ್ವ ಒಮ್ಮೆಯಾದರೂ ನನ್ನನ್ನು ಸಣ್ಣ್ಯಾ ಎನ್ನಬೇಕು. ಓದು, ನೌಕರಿ ಎಲ್ಲ ಅಣ್ಣನ ಪಾಲಿಗೇ ಹೋಗಲಿ, ಅವ್ವ ಮಾತ್ರ ನನಗೆ ಬೇಕಾಗಿದ್ದಳು.

ಶೇರವಾನಿ ತೊಟ್ಟು ಊರಿಗೆ ಹೋದೆ. ಅವ್ವ ನೀರು ಕೂಡ ಕೊಡದೆ ಕೈಹಿಡಿದು ಹೊಲದ ಮೂಲೆಗೆ ಕರೆದೊಯ್ದಳು. ಸುಡುಬಿಸಿಲು; ಜೋಳದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆಕೆ ಬಾಗಿ ಅಣ್ಣನ ಕುಣಿಯ ಮಣ್ಣಿನ ಮೇಲೆ ಅಂಗೈ ಇಟ್ಟಳು.

"ಸಣ್ಣ್ಯಾ, ಏ ಸಣ್ಣ್ಯಾ... ಅಣ್ಣ ಸಾಹೇಬ ಆಗಿ ಬಂದಾನ, ನೋಡು."

ನಾನು ಓ ಎನ್ನಲು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಅವ್ವ ನೆಲಕ್ಕೆ ಕಿವಿಗೊಟ್ಟಳು. ಮುಖ ಅರಳಿತು.

"ಓ ಅಂದ. ಕೇಳಿಸ್ತೇನು?" ಎಂದು ನನ್ನನ್ನು ಕೇಳಿದಳು.

ಕೇಳಿಸಿತ್ತು. ಅದು ನನ್ನದೇ ದನಿ, ಜ್ವರ ಬರುವುದಕ್ಕೆ ಮುಂಚಿನದು.