ಏನಿದೆ ಒಲೆ ಮೇಲೆ, ಡಾನ್ಯಲ್?

ನಮ್ಮ ಫ್ಯಾರೋ ದ್ವೀಪಗಳಲ್ಲಿ ಗಂಡಸಿಗೆ ಸಮುದ್ರ ಒಗ್ಗಲಿಲ್ಲವೆಂದರೆ ಅವನ ಕಥೆ ಮುಗಿದ ಹಾಗೆಯೇ. ಡಾನ್ಯಲ್‌ಗೆ ಒಗ್ಗಲಿಲ್ಲ. ಆಳು ನೋಡಿದರೆ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಅಪ್ಪ, ಅಜ್ಜ ಇಬ್ಬರೂ ಹೆಸರುವಾಸಿ ನಾವಿಕರು. ಆದರೆ ದೋಣಿ ನಮ್ಮೂರು ಸ್ಕಾರ್ವಿಕ್‌ನ ಬಂದರು ದಾಟಿದ್ದೇ ತಡ, ಇವನ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಹಟ ಹಿಡಿದು ಮತ್ತೆ ಮತ್ತೆ ಹೋದ. ಕೊನೆಗೊಮ್ಮೆ ಐಸ್‌ಲ್ಯಾಂಡ್ ಕಡೆಯಿಂದ ಬಂದ ಹಡಗು ಇವನನ್ನು ಆಲೂಗಡ್ಡೆ ಚೀಲ ಇಳಿಸಿದ ಹಾಗೆ ಇಳಿಸಿ ಹೋಯಿತು. ಅಷ್ಟರಲ್ಲಿ ಮದುವೆಯಾಗಿ ಮನೆಯಲ್ಲೊಂದು ಕೂಸಿತ್ತು. ಹೆಂಡತಿ ಬಿರಿಟಾ ಗೊಣಗಲಿಲ್ಲ. ಮೀನಿನ ಕಾರ್ಖಾನೆಗೆ ಬಂದು ನನ್ನ ಪಕ್ಕದ ಮೇಜಿನಲ್ಲೇ ಮೀನು ಸೀಳುವುದಕ್ಕೆ ನಿಂತಳು. ಡಾನ್ಯಲ್ ಮನೆಯಲ್ಲಿ ಉಳಿದು ಏಪ್ರನ್ ಕಟ್ಟಿದ.

ಅದರಲ್ಲೇನಿದೆ ಅನ್ನುತ್ತೀರಿ ಈಗ. ಆಗ ಹಾಗಿರಲಿಲ್ಲ. ನಮ್ಮ ಹಾಡುಗಳಲ್ಲಿ ಗಂಡಸು ಬಿರುಗಾಳಿಯಲ್ಲಿ ಚುಕ್ಕಾಣಿ ಹಿಡಿಯುತ್ತಿದ್ದ, ಪುಸ್ತಕಗಳಲ್ಲಿ ಮುಳುಗಿ ಸಾಯುತ್ತಿದ್ದ, ಊರಿನ ಸಭಾಮನೆಗೆ ಬರುತ್ತಿದ್ದ ಸಿನೆಮಾದಲ್ಲಿ ಹಡಗಿನ ತುದಿಯಲ್ಲಿ ನಿಂತು ದೂರ ನೋಡುತ್ತಿದ್ದ. ಒಬ್ಬನಾದರೂ ಗಂಜಿ ತಿರುವಿದ್ದನ್ನು ನಾನು ಎಲ್ಲೂ ಕಾಣಲಿಲ್ಲ. ಅವರೆಲ್ಲ ಏನು ತಿಂದು ಬದುಕಿದ್ದರೋ ದೇವರೇ ಬಲ್ಲ.

ಡಾನ್ಯಲ್‌ನ ಒಲೆ ಮಾತ್ರ ಯಾವತ್ತೂ ಆರುತ್ತಿರಲಿಲ್ಲ. ನನ್ನ ಗಂಡ ಗ್ರೀನ್‌ಲ್ಯಾಂಡ್ ಕಡೆ ಹೋದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ, ನಾನು ಕಾರ್ಖಾನೆಯಲ್ಲಿ. ಶಾಲೆ ಬಿಟ್ಟ ಮಗ ನೆಟ್ಟಗೆ ಡಾನ್ಯಲ್‌ನ ಅಡುಗೆಮನೆಗೆ ನುಗ್ಗುತ್ತಿದ್ದ. ನನ್ನ ಮಗನೊಬ್ಬನೇ ಅಲ್ಲ, ಕಾರ್ಖಾನೆಯ ಹೆಂಗಸರ ಮಕ್ಕಳೆಲ್ಲ ಅಲ್ಲೇ. ಒದ್ದೆ ಕಾಲುಚೀಲಗಳು ಒಲೆಯ ಮೇಲಿನ ಹಗ್ಗದಲ್ಲಿ ಒಣಗುತ್ತಿದ್ದವು, ಕೆಳಗೆ ಕುರಿಮಾಂಸದ ಸಾರು ಕುದಿಯುತ್ತಿತ್ತು. ಎರಡರ ವಾಸನೆಯೂ ಬೆರೆತು ಬರುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಅವನ ಮೇಲೆ ಹಾಡು ಕಟ್ಟಿದವನು ಹಾನುಸ್. ಅವನ ನಾಲಗೆ ಬಲು ಚುರುಕು, ಮಿದುಳಿನ ವಿಷಯ ಕೇಳಬೇಡಿ. ನಮ್ಮ ಕುಣಿತಕ್ಕೆ ವಾದ್ಯ ಬೇಕಿಲ್ಲ, ಕಾಲು ಮತ್ತು ಗಂಟಲು ಸಾಕು. ಒಬ್ಬ ಸೊಲ್ಲು ಎತ್ತುತ್ತಾನೆ, ಉಳಿದವರು ಕೈಕೈ ಹಿಡಿದು ಸುತ್ತುತ್ತ, ನೆಲ ಒದೆಯುತ್ತ ಪಲ್ಲವಿ ಹೇಳುತ್ತಾರೆ. ಗೇಲಿಯ ಹಾಡಾದರೆ ಒಂದು ಕಟ್ಟಳೆಯಿದೆ. ಯಾರ ಮೇಲೆ ಹಾಡಿದೆಯೋ ಅವನನ್ನು ಗಟ್ಟಿ ಆಳುಗಳಿಬ್ಬರು ಎರಡೂ ಕಡೆ ತೋಳು ಹಿಡಿದು ಸುತ್ತಿನೊಳಗೆ ಎಳೆದುಕೊಳ್ಳಬೇಕು, ಕೊನೆಯ ಸೊಲ್ಲು ಮುಗಿಯುವ ತನಕ ಬಿಡಬಾರದು. ಅವನು ನಕ್ಕುಬಿಟ್ಟರೆ ಗೆದ್ದ. ಆ ವರ್ಷ ಚಳಿಗಾಲದ ಕೊನೆಯ ಕುಣಿತದಲ್ಲಿ ಡಾನ್ಯಲ್‌ನನ್ನು ಹಾಗೆ ಎಳೆದರು.

"ದೋಣಿಗಳೆಲ್ಲ ದಡ ಬಿಟ್ಟವು, ಡಾನ್ಯಲ್ ಹೊಸಿಲು ದಾಟಲಿಲ್ಲ,
ಅಲೆಯ ಗೊಡವೆ ಅವನಿಗೇಕೆ, ಗಂಜಿ ಉಕ್ಕದಿದ್ದರೆ ಸಾಕಲ್ಲ!
ಏನಿದೆ ಒಲೆ ಮೇಲೆ, ಡಾನ್ಯಲ್, ಏನಿದೆ ಒಲೆ ಮೇಲೆ?"

ಪಲ್ಲವಿಯನ್ನು ಮೂಗಿನಲ್ಲಿ ಎಳೆದೆಳೆದು ಹಾಡಿದರು. ಡಾನ್ಯಲ್ ನಗಲಿಲ್ಲ. ಮುಗಿದ ಮೇಲೆ ಕೋಟು ಹಾಕಿಕೊಂಡು ಮನೆಗೆ ಹೋದವನು ಮತ್ತೆಂದೂ ಕುಣಿತದ ಸುತ್ತಿನೊಳಗೆ ಕಾಲಿಡಲಿಲ್ಲ. ಎಲ್ಲಿ ಕುಣಿತವಿದ್ದರೂ ಆ ದಿನ ಅವನಿಗೆ ತಲೆನೋವು. ಹಾಡು ಮಾತ್ರ ದೋಣಿ ಹತ್ತಿ ಊರೂರು ತಿರುಗಿತು.

ಮಕ್ಕಳು ಬೆಳೆದರು. ಡಾನ್ಯಲ್‌ನ ಆ ಕೂಸು, ಮಗಳು ಎಲ್ಸ್ಪಾಗೆ ಮದುವೆ ಗೊತ್ತಾಯಿತು. ಹುಡುಗ ತ್ರೋಂಡುರ್, ದಕ್ಷಿಣದ ದ್ವೀಪದ ಬಡಗಿ. ಮದುವೆ ದಿನ ಹತ್ತಿರ ಬಂದ ಹಾಗೆಲ್ಲ ಮೀನು ಸೀಳುವ ಮೇಜಿನ ಮುಂದೆ ಬಿರಿಟಾಳ ಮುಖ ಸಣ್ಣದಾಯಿತು.

"ಚರ್ಚಿನೊಳಗೆ ಮಗಳ ಕೈ ಹಿಡ್ಕೊಂಡು ಬರ್ತಾನಂತೆ, ಕುಣಿತದ ಸುತ್ತಿಗೆ ಮಾತ್ರ ಬರಲ್ವಂತೆ," ಅಂದಳು. "ಮದುಮಗಳ ಪಕ್ಕ ಅಪ್ಪ ಇಲ್ದಿರೋ ಸುತ್ತು ಎಲ್ಲಾದ್ರೂ ಉಂಟೇನೇ?"

"ಎಲ್ಸ್ಪಾ ಏನಂದ್ಳು?"

"ಏನೂ ಅನ್ಲಿಲ್ಲ. ಅದಕ್ಕೇ ಹೊಟ್ಟೆ ಉರಿಯೋದು. ಬೈದಿದ್ರೆ ಎಷ್ಟೋ ವಾಸಿ ಇತ್ತು."

ಇಬ್ಬರೂ ಕೂಡಿ ಹಾನುಸ್‌ನ ಮನೆಗೆ ಹೋದೆವು. ಅವನು ಈಗ ಹಲ್ಲಿಲ್ಲದ ಮುದುಕ, ನಾಲಗೆಗೆ ಮಾತ್ರ ವಯಸ್ಸಾಗಿರಲಿಲ್ಲ.

"ಏನು, ಇಬ್ರೂ ಚಾಕು ಬಿಟ್ಟು ಬಂದಿದ್ದೀರಿ?" ಅಂದ.

"ನಿನ್ನ ಹಾಡು ನೀನು ವಾಪಸ್ ತಗೋ, ಹಾನುಸ್," ಅಂದಳು ಬಿರಿಟಾ.

"ವಾಪಸ್ ತಗೊಳ್ಳೋಕೆ ಅದೇನು ಪಕ್ಕದ್ಮನೆಗೆ ಕೊಟ್ಟ ಏಣೀನಾ ತಾಯಿ? ಊರ ಬಾಯಿಗೆ ಬಿದ್ದಾಗಿದೆ."

"ಮದ್ವೆ ದಿನ ಒಂದಿನ ಬಾಯಿ ಮುಚ್ಕೊಂಡಿರಕ್ಕಾಗುತ್ತೋ ಇಲ್ವೋ?" ಎಂದು ನಾನು ಜೋರು ಮಾಡಿದೆ.

ಹಾನುಸ್ ಬಿರಿಟಾಳ ಮುಖ ನೋಡಿದ. ತಮಾಷೆ ಬಿಟ್ಟ. "ನಾನೂ ಎತ್ತಲ್ಲ, ನನ್ನ ವಾರಿಗೆಯವ್ರೂ ಎತ್ತಲ್ಲ. ನನ್ನ ಮಾತು," ಅಂದ.

ಆ ಮಾತನ್ನು ನಂಬಿ ಡಾನ್ಯಲ್ ಒಪ್ಪಿಕೊಂಡ. ಬೆಳ್ಳಿ ಗುಂಡಿಯ ಹಳೆಯ ಅಂಗಿ ತೆಗೆದು ಹೊಟ್ಟೆಯ ಹತ್ತಿರ ಸಡಿಲ ಮಾಡಿಸಿದರು.

ಮದುವೆಯ ದಿನ ಊಟವಾಯಿತು, ಮೇಜುಗಳನ್ನು ಗೋಡೆಗೆ ಸರಿಸಿದೆವು. ಮೊದಲು ಮದುಮಕ್ಕಳ ಹಾಡು. ಡಾನ್ಯಲ್ ಎಲ್ಸ್ಪಾಳ ಕೈ ಹಿಡಿದು ಸುತ್ತಿಗೆ ಬಂದ. ಮೊದಮೊದಲು ತನ್ನ ಬೂಟುಗಳನ್ನೇ ನೋಡುತ್ತಿದ್ದ, ಆಮೇಲೆ ತಲೆ ಎತ್ತಿದ. ಎಲ್ಸ್ಪಾಳ ಮುಖ ಹೂವಾಗಿತ್ತು. ಗೆದ್ದೆವು ಅಂದುಕೊಂಡು ನಾನು ಬಿರಿಟಾಳ ಕೈ ಅಮುಕಿದೆ.

ಹಾಡು ಮುಗಿದು ಎಲ್ಲರೂ ಉಸಿರು ಬಿಡುತ್ತಿರುವಾಗ ಮದುಮಗ ತ್ರೋಂಡುರ್ ತನ್ನ ಅಣ್ಣನಿಗೆ ಕಣ್ಣು ಹೊಡೆದ. ಇಬ್ಬರೂ ಬಂದು ಡಾನ್ಯಲ್‌ನ ಎರಡು ತೋಳುಗಳನ್ನು ಎರಡೂ ಕಡೆಯಿಂದ ಹಿಡಿದರು. ತ್ರೋಂಡುರ್ ಗಂಟಲು ಬಿಚ್ಚಿ ಸೊಲ್ಲು ಎತ್ತಿದ.

"ದೋಣಿಗಳೆಲ್ಲ ದಡ ಬಿಟ್ಟವು..."

ಎಲ್ಸ್ಪಾ ಬಿಳಿಚಿಕೊಂಡಳು. ನಮ್ಮ ವಯಸ್ಸಿನವರು ಒಬ್ಬರೂ ಬಾಯಿ ತೆರೆಯಲಿಲ್ಲ, ಆದರೆ ಸುತ್ತಿನ ತುಂಬ ಇದ್ದದ್ದು ಹರೆಯದವರು. ಡಾನ್ಯಲ್‌ನ ಒಲೆಯ ಮುಂದೆ ಕಾಲು ಕಾಯಿಸಿಕೊಂಡು ಬೆಳೆದವರು ಕೆಲವರು, ಅದೇನೂ ಗೊತ್ತಿಲ್ಲದ ಪರವೂರಿನವರು ಕೆಲವರು. ಎಲ್ಲರೂ ನೆಲ ಅದುರುವ ಹಾಗೆ ಒದ್ದು, "ಏನಿದೆ ಒಲೆ ಮೇಲೆ, ಡಾನ್ಯಲ್?" ಎಂದು ಕೂಗಿ ಕೇಳಿದರು. ಮೂಗಿನಲ್ಲಿ ಯಾರೂ ಎಳೆಯಲಿಲ್ಲ. ಹಸಿದು ಬಂದ ಮಕ್ಕಳು ಬಾಗಿಲು ತಳ್ಳಿಕೊಂಡು ಬಂದು ಕೇಳುತ್ತಾರಲ್ಲ, ಹಾಗೆ ಕೇಳಿದರು.

ಹಾನುಸ್‌ನ ಮೊಮ್ಮಗ ಎದೆಗೆ ತನ್ನ ಪುಟ್ಟ ಮಗುವನ್ನು ಕಟ್ಟಿಕೊಂಡು ನಮ್ಮ ಮುಂದೆಯೇ ಕುಣಿಯುತ್ತಿದ್ದ. ಹಾನುಸ್ ಅವನ ತೋಳು ಜಗ್ಗಿದ.

"ನಿಲ್ಸೋ! ಅದು ಜನ ಅವನನ್ನ ನೋಡಿ ನಗ್ಲಿ ಅಂತ ಕಟ್ಟಿದ್ದು ಕಣೋ!"

"ನಗೋಕೆ ಇದ್ರಲ್ಲಿ ಏನಿದೆ ಅಜ್ಜ?" ಅಂದ ಮೊಮ್ಮಗ. ಚುಚ್ಚುವುದಕ್ಕೆ ಕೇಳಿದ್ದಲ್ಲ, ಅವನಿಗೆ ನಿಜವಾಗಿ ತಿಳಿದಿರಲಿಲ್ಲ. ಮಗುವಿನ ಬೆನ್ನು ತಟ್ಟುತ್ತ ಮತ್ತೆ ಸುತ್ತಿಗೆ ಸೇರಿಕೊಂಡ.

ಹಾಡಿನಲ್ಲಿ ಒಂದಕ್ಷರ ಬದಲಾಗಿರಲಿಲ್ಲ, ಹಾಡುವ ಜನ ಬದಲಾಗಿದ್ದರು. ನಾವು ಮುದುಕರು ಅದನ್ನು ಗಮನಿಸಿರಲೇ ಇಲ್ಲ. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ.

ಕೊನೆಯ ಸೊಲ್ಲು ಮುಗಿಯಿತು. ತ್ರೋಂಡುರ್ ಕೈ ಬಿಟ್ಟ. ಗೋಡೆಯ ಬದಿಯಲ್ಲಿ ನಿಂತ ನಮ್ಮ ಮುಖಗಳು ಆಗ ಅವನ ಕಣ್ಣಿಗೆ ಬಿದ್ದವು. ಕಿವಿಯವರೆಗೆ ಕೆಂಪಾದ.

"ಏನಾದ್ರೂ ತಪ್ಪಾಯ್ತಾ ಮಾವ? ನಿಮ್ಮೂರಿನ ಶಿಶುವಿಹಾರದ ಛಾವಣಿ ರಿಪೇರಿ ಮಾಡ್ತಿದ್ದಾಗ ಕಲಿತಿದ್ದು. ಊಟಕ್ಕೆ ಮುಂಚೆ ಮಕ್ಳು ದಿನಾ ಇದನ್ನೇ ಹೇಳ್ತವೆ. ನಿಮ್ಮ ಮೇಲೇನೇ ಕಟ್ಟಿದ್ದು ಅಂದ್ರು ಟೀಚರ್. ನಿಮಗೊಂದು ಗೌರವ ಅಂತ ನಾನು..."

ಬಿರಿಟಾ ಮುಂದೆ ಹೋಗಲು ನೋಡಿದಳು, ನಾನು ಹಿಡಿದು ನಿಲ್ಲಿಸಿದೆ. ಡಾನ್ಯಲ್ ಬಾಗಿಲ ಕಡೆ ನೋಡಿದ, ಮಗಳ ಕಡೆ ನೋಡಿದ. ಆಮೇಲೆ ಬಿಟ್ಟ ತೋಳುಗಳನ್ನು ತಾನಾಗಿಯೇ ಅಳಿಯನ ಕೈಗೂ ಅವನ ಅಣ್ಣನ ಕೈಗೂ ಮತ್ತೆ ಕೊಟ್ಟ.

"ಇನ್ನೊಂದ್ಸಲ," ಅಂದ. "ಈ ಸಲ ಸೊಲ್ಲು ನಾನೆತ್ತುತ್ತೀನಿ."

ಎತ್ತಿದ. ದನಿ ಒಡೆದಿತ್ತು, ರಾಗ ಅಲ್ಲಲ್ಲಿ ತಪ್ಪಿತು, ನಿಲ್ಲಿಸಲಿಲ್ಲ. ಒಲೆ ಮೇಲೆ ಏನಿದೆ ಎಂದು ಊರೆಲ್ಲ ಅವನನ್ನು ಕೇಳಿತು, ಹಾನುಸ್ ಕೂಡ.