ನವಿಲುಗರಿ ಬಣ್ಣದ ಕಣ ಮತ್ತು ಒಂದು ಲೈಟು

ಫೋನಿನಲ್ಲಿ ಟೈಪ್ ಮಾಡುವುದನ್ನು ನನಗೆ ಈಚೆಗೆ ಕಲಿಸಿದವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಒತ್ತಕ್ಷರ ಹೇಗೆ ಬರುತ್ತದೆಂದು ತೋರಿಸಲು ಅವಳು ಮೊದಲು ಬರೆಸಿದ ಪದ ‘ಅಕ್ಕ’. ಮದುವೆಯಾಗಿ ಬಂದ ದಿನದಿಂದ ಅವಳು ನನ್ನನ್ನು ಕರೆಯುತ್ತಿದ್ದುದೇ ಹಾಗೆ.

ನಾನಿರುವುದು ಚನ್ನಪಟ್ಟಣದಲ್ಲಿ, ಅವಳು ವಿರೂಪಾಕ್ಷಿಪುರದಲ್ಲಿ. ಇಬ್ಬರೂ ಸೇರಿ ಅಡುಗೆಯ ವಿಡಿಯೊ ಮಾಡೋಣವೆಂದು ಮಾತಾಗಿತ್ತು. ಮೊದಲನೆಯದು ನಮ್ಮವ್ವನ ಮಸ್ಸೊಪ್ಪಿನ ಸಾರು. ಅದಕ್ಕೆ ಈರುಳ್ಳಿಯನ್ನು ಸಿಪ್ಪೆಸಮೇತ ಕೆಂಡದಲ್ಲಿ ಸುಟ್ಟು, ಸೊಪ್ಪಿನ ಜೊತೆ ಮಸೆಯಬೇಕು. ಆ ಗುಟ್ಟನ್ನು ಸೊಸೆಗೂ ಹೇಳಿರಲಿಲ್ಲ. ವಾರಗಿತ್ತಿಗೆ ಹೇಳಿದ್ದೆ.

ನನ್ನ ಅಡುಗೆಮನೆ ಕತ್ತಲು. ಫೋನಿನಲ್ಲಿ ಸೊಪ್ಪು ಸಗಣಿಯಂತೆ ಕಾಣುತ್ತಿತ್ತು. ಹಾಗಾಗಿ ಲೈಟು ಕೊಳ್ಳಲು ಇಬ್ಬರೂ ರಾಮನಗರಕ್ಕೆ ಹೋದೆವು.

ಅಂಗಡಿಯವನು ಅಂಗೈಯಗಲದ ಒಂದನ್ನು ಹೊತ್ತಿಸಿದ. “ಕಲರ್ ಎಲ್‌ಇಡಿ ಅಜ್ಜಿ. ಕೆಂಪು, ನೀಲಿ, ಹಸಿರು ಯಾವ್ದು ಬೇಕಾದ್ರೂ ಬತ್ತದೆ. ನೋಡಿ, ಪೊಲೀಸ್ ಜೀಪ್ ಥರ ಮಿಣುಕ್ತದೆ.”

“ನಾವು ಸಾರು ಮಾಡಾದು ಕಣಪ್ಪ, ಕಳ್ಳನ್ನ ಹಿಡಿಯಾಕ್ ಹೋಯ್ತಿಲ್ಲ,” ಎಂದೆ. ವಾರಗಿತ್ತಿ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು.

ನಾನು ಚೀಲದಿಂದ ಒಂದು ರವಿಕೆ ಕಣ ತೆಗೆದೆ. ಸೀರೆ ಕೊಳ್ಳುವಾಗ ಬಟ್ಟೆಯನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ಬಣ್ಣ ನೋಡುವವರು ನಾವು. ಲೈಟಿಗೂ ಅದೇ ಪರೀಕ್ಷೆ. ಯಾರದೋ ಮನೆಯಲ್ಲಿ ಅರಿಶಿನ ಕುಂಕುಮದ ಜೊತೆ ಕೊಟ್ಟ ನವಿಲುಗರಿ ಬಣ್ಣದ ಕಣ ಅದು. ನೇಯುವಾಗ ಒಂದು ಕೆಂಪೆಳೆ ದಾರಿ ತಪ್ಪಿ ನುಗ್ಗಿತ್ತು. ಬಿಸಿಲಲ್ಲಿ ಆ ಎಳೆ ಎದ್ದು ಕಾಣುತ್ತಿತ್ತು.

“ಏನಜ್ಜಿ, ಲೈಟ್ ತಗೊಳ್ಳಾಕ್ ಬಂದ್ರೋ, ಸೀರೆ ತಗೊಳ್ಳಾಕೋ?”

“ಬಿಳೀ ಬೆಳಕಲ್ಲಿ ಈ ಕೆಂಪೆಳೆ ಯಾವ್ದು ತೋರಿಸ್ತದೋ ಅದ್ನ ಕೊಡು. ಮಿಣುಕಾದೆಲ್ಲ ಆಮೇಕೆ.”

ತೀರಾ ಅಗ್ಗದ್ದರ ಕೆಳಗೆ ಕಣ ಬರೀ ನೀಲಿಯಾಯಿತು, ಎಳೆ ಮಾಯ. ದೊಡ್ಡದರಲ್ಲಿ ಎಲ್ಲವೂ ಸರಿಯಿತ್ತು, ಬೆಲೆ ಕೇಳಿ ಕಣ ಮಡಚಿದೆ. ನಡುವಿನ ಒಂದು ಲೈಟು ಮಾತ್ರ ನನ್ನ ಕೈಗೆಟಕುವ ಬೆಲೆಯಲ್ಲಿ ಬಿಸಿಲಿನಷ್ಟೇ ನಿಜ ಹೇಳಿತು. ಗೋಡೆಗೆ ಒಸಿ ಕೇಸರಿ ಬೆಳಕನ್ನೂ ಬಿಡುತ್ತಿತ್ತು. ಇಬ್ಬರೂ ದುಡ್ಡು ಹಾಕಿ ಅದನ್ನೇ ಕೊಂಡೆವು.

“ಅಕ್ಕ, ಒಸಿ ದಿನ ನಮ್ಮನೇಲಿರ್ಲಿ. ಹೆಂಗೆ ಹಾಕಾದು ಅಂತ ಕಲ್ತು ತತ್ತೀನಿ,” ಎಂದಳು. ಚೀಲವನ್ನೇ ಅವಳ ಕೈಗಿತ್ತೆ.

ಆಮೇಲೆ ಕಣದ ನೆನಪಾಗಿ ಫೋನು ಮಾಡಿದೆ. “ಚೀಲದಲ್ಲಿ ಇರ್ಲಿಲ್ವಲ್ಲಕ್ಕ. ಅಂಗಡೀಲೇ ಬುಟ್ಬಂದ್ರೇನೋ.”

“ಹೋಗ್ಲಿ ಬುಡು. ವಿಡಿಯೊ ಯಾವಾಗ್ಲೇ?”

“ಕಣ್ಣುರಿ ಕಣಕ್ಕ. ಒಸಿ ತಡೀರಿ.”

ಪಾಪ ಎಂದು ನಾನು ಹರಳೆಣ್ಣೆ ಕಳಿಸಿಕೊಟ್ಟೆ.

ಒಂದು ಮಧ್ಯಾಹ್ನ ಫೋನು ತಾನಾಗಿಯೇ ಒಂದು ವಿಡಿಯೊ ಮುಂದಿಟ್ಟಿತು. ಮುಖವಿಲ್ಲ, ಮಾತಿಲ್ಲ, ಎರಡು ಕೈ, ಒಂದು ಪಾತ್ರೆ. ಕೈಗಳು ಈರುಳ್ಳಿಯನ್ನು ಸಿಪ್ಪೆಸಮೇತ ಕೆಂಡಕ್ಕಿಟ್ಟವು. ಮೇಲೆ ಬರಹ: ‘ನನ್ನ ತಾಯಿಯ ಕೈರುಚಿ’. ಸೊಪ್ಪು ಈಗಷ್ಟೇ ಹೊಲದಿಂದ ಕಿತ್ತು ತಂದಷ್ಟು ಹಸಿರು. ಗೋಡೆಯ ಮೇಲೆ ಒಸಿ ಕೇಸರಿ. ಮಸೆಯಲು ಕೈ ಬಗ್ಗಿದಾಗ ರವಿಕೆಯ ತೋಳು ಮುಂದೆ ಬಂತು. ನವಿಲುಗರಿ ಬಣ್ಣ, ಅದರಲ್ಲಿ ದಾರಿ ತಪ್ಪಿದ ಒಂದು ಕೆಂಪೆಳೆ.

ಲೈಟನ್ನು ಚೆನ್ನಾಗಿಯೇ ಆರಿಸಿದ್ದೆ.

ಕೆಳಗೆ ಒಂದೊಂದೇ ಅಕ್ಷರ ಹುಡುಕಿ ಬರೆದೆ: ‘ಸೊಪ್ಪಿನ ಬಣ್ಣ ಚೆನ್ನಾಗಿ ಬಂದಿದೆ. ರವಿಕೆಯದು ಇನ್ನೂ ಚೆನ್ನಾಗಿದೆ. ಕಣ್ಣುರಿ ಹೇಗಿದೆ?’ ಪಕ್ಕದಲ್ಲೇ ನನ್ನ ಫೋಟೊ ಇತ್ತು. ಸಿಟ್ಟಿನಿಂದಲಾದರೂ ಫೋನು ಮಾಡುತ್ತಾಳೆ, ಜಗಳವಾಡಿ ಮುಗಿಸೋಣ ಎಂದು ಕಾದೆ.

ಸಂಜೆ ಉತ್ತರ ಬಂತು. ಕೈಮುಗಿದ ಚಿತ್ರ, ಅದರ ಮುಂದೆ ಒತ್ತು ತಪ್ಪದೆ ಬರೆದಿದ್ದಳು: ‘ಧನ್ಯವಾದಗಳು ಮೇಡಂ’.

ಲೈಟು ಇನ್ನೂ ವಿರೂಪಾಕ್ಷಿಪುರದಲ್ಲೇ ಇದೆ. ನಾನು ಕೇಳಿಲ್ಲ. ನಿನ್ನೆ ನನ್ನ ಕತ್ತಲ ಅಡುಗೆಮನೆಯಲ್ಲಿ ಮಸ್ಸೊಪ್ಪು ಮಾಡಿದೆ. ಈರುಳ್ಳಿ ಸುಡಲಿಲ್ಲ.