ಹಂಚಿಬಿಟ್ಟ ಮದುವೆ ಬಿಲ್ಲೆ

ಶುಂದೆ ಪಟ್ಟಣದ ಕಾಲುವೆ ಬೀದಿಯಲ್ಲಿ ಹೋ ಸೆಕ್‌ಚುನ್ ಸಿಹಿತಿಂಡಿ ಅಂಗಡಿ ಇಟ್ಟು ಮೂವತ್ತೆಂಟು ವರ್ಷ ಒಲೆಯ ಮುಂದೆ ಬೆಂದವನು. ಎಂಟನೇ ತಿಂಗಳ ಹುಣ್ಣಿಮೆಗೆ ಚಂದ್ರನ ಬಿಲ್ಲೆಯೆಂಬ ದುಂಡು ಸಿಹಿತಿಂಡಿ, ಹೊಸವರ್ಷಕ್ಕೆ ಕರಿದ ಎಳ್ಳುಂಡೆ, ಎಲ್ಲಕ್ಕೂ ಅವನ ಕೈಯೇ ಆಗಬೇಕು. ಆದರೆ ಅವನಿಗೆ ಹೆಸರು ತಂದದ್ದು ಮದುವೆ ಬಿಲ್ಲೆ. ಹಂದಿಕೊಬ್ಬು ಹಾಕಿ ಪದರಪದರವಾಗಿ ಲಟ್ಟಿಸಿ, ಒಳಗೆ ತಾವರೆಬೀಜದ ಹೂರಣ ತುಂಬಿ, ಮೇಲೆ ಕೆಂಪು ಮುದ್ರೆ ಒತ್ತಿ ಸುಟ್ಟದ್ದು. ಹೆಣ್ಣಿನ ಕಡೆಯವರು ಅದನ್ನು ನೆಂಟರಿಗೆ ಹಂಚಿದರೆ ಮದುವೆ ಗಟ್ಟಿಯಾದಂತೆ. ತಿಂದವರೆಲ್ಲ ಸಾಕ್ಷಿ. ಕಾಗದ, ರುಜು ಎಲ್ಲ ಆಮೇಲಿನ ಮಾತು.

ಹಿಂದೊಮ್ಮೆ ಒಬ್ಬ ತಂದೆ, ಸಂಬಂಧ ಮುರಿಯಿತೆಂದು, ಹಂಚಿ ಉಳಿದ ಡಬ್ಬಿಗಳನ್ನು ಅಂಗಡಿಗೆ ಹೊತ್ತು ತಂದಿದ್ದ. "ಜನರ ಹೊಟ್ಟೆಗೆ ಹೋಗಿರೋದನ್ನ ಹೇಗಪ್ಪಾ ವಾಪಸ್ ತರ್ತೀಯ?" ಎಂದು ಸೆಕ್‌ಚುನ್ ಎಲ್ಲರೆದುರು ನಕ್ಕಿದ್ದ. ಕೆಲಸ ಬಲ್ಲವನ ಸೊಕ್ಕು ಅದು.

ಅಂದು ಬೆಳಿಗ್ಗೆ ತನ್ನ ಒಬ್ಬಳೇ ಮಗಳು ಯುಕ್‌ಹಾಳ ಮದುವೆ ಬಿಲ್ಲೆಗಳನ್ನು ಇಪ್ಪತ್ತಾರು ಮನೆಗೆ ಕೊಟ್ಟು ಬಂದು ಅವನು ಚಹಾಕ್ಕೆ ಕೂತಿದ್ದ. ಗಂಡಿನ ಮನೆಗೆ ಹಣ್ಣು ಕೊಡಲು ಹೋಗಿದ್ದ ಮಗಳು ಬಿಳಿಚಿಕೊಂಡು ಬಂದಳು.

"ಅಪ್ಪಾ, ನಂಗೆ ಈ ಮದುವೆ ಬೇಡ. ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಅವ್ನು ಅವರಮ್ಮನ ಕೆನ್ನೆಗೆ ಹೊಡ್ದ. ನನ್ನೆದುರಿಗೇ."

"ಬಿಲ್ಲೆ ಹಂಚಿ ಬಂದ್ನಲ್ಲೇ ಮಗಳೇ!"

"ಇಸ್ಕೊಂಡು ಬನ್ನಿ. ಇನ್ನೂ ತಿಂದಿರಲ್ಲ."

ಸೆಕ್‌ಚುನ್ ಸೈಕಲ್ ಹತ್ತಿದ. ಮೊದಲ ಮನೆಯ ಚಿಕ್ಕಪ್ಪ ಬಾಯಿತುಂಬ ಹೂರಣ ಇಟ್ಟುಕೊಂಡೇ ಹರಸಿದ. ಎರಡನೆಯ ಮನೆಯಲ್ಲಿ ಚೂರೂ ಉಳಿದಿರಲಿಲ್ಲ. "ಇನ್ನೊಂದು ಕೊಟ್ಟು ಹೋಗೋ, ಜಿಪುಣಾ!" ಎಂದು ಸೋದರತ್ತೆ ಕಿಚಾಯಿಸಿದಳು. ಹೋದಲ್ಲೆಲ್ಲ ಇದೇ ಕತೆ. ಹಾಳಾದ್ದು, ಯಾಕಾದರೂ ಇಷ್ಟು ರುಚಿಯಾಗಿ ಮಾಡಿದೆನೋ ಎಂದು ತನ್ನ ಕೈಯನ್ನೇ ಶಪಿಸಿಕೊಂಡ. ಬಂದ ಕೆಲಸವನ್ನು ಒಬ್ಬರೆದುರೂ ಬಾಯಿಬಿಟ್ಟು ಹೇಳಲಾಗಲಿಲ್ಲ.

ಉಳಿದವನು ಹೊಳೆಯಾಚೆಯ ಅಣ್ಣ. ಸಕ್ಕರೆ ಕಾಯಿಲೆಯವನು, ತಿಂದಿರಲಾರ. ವಂಶಕ್ಕೇ ಹಿರಿಯ, ಅವನೊಬ್ಬ ಬಿಲ್ಲೆ ಹಿಂದಿರುಗಿಸಿದರೆ ಉಳಿದವರ ಬಾಯಿ ತಾನೇ ಮುಚ್ಚುತ್ತದೆ. ಸೆಕ್‌ಚುನ್ ದೋಣಿಯಲ್ಲಿ ಹೊಳೆ ದಾಟಿ ಹೋದ. ಬಿಲ್ಲೆ ಹಾಗೇ ಇತ್ತು, ಆದರೆ ಅಪ್ಪ ಅಮ್ಮನ ಪಟದ ಮುಂದೆ. ಊದುಬತ್ತಿ ಅರ್ಧ ಉರಿದಿತ್ತು.

"ಅಣ್ಣಾ, ಯುಕ್‌ಹಾ ಬೇಡ ಅಂತಿದಾಳೆ. ಹುಡುಗ ಹೆತ್ತ ತಾಯಿಗೇ ಹೊಡೀತಾನೆ. ಅದನ್ನ ವಾಪಸ್ ಕೊಡು."

"ಮೊಮ್ಮಗಳ ಮದುವೆ ಅಂತ ಅಪ್ಪ ಅಮ್ಮಂಗೆ ಹೇಳಾಯ್ತು ಕಣೋ. ಸತ್ತೋರಿಗೆ ಸುಳ್ಳು ಹೇಳಿದ ಪಾಪ ನಂಗ್ಯಾಕೆ? ಬೇಕಿದ್ರೆ ನೀನೇ ನಿಂತು ಹೇಳು."

ಸೆಕ್‌ಚುನ್ ಪಟದ ಮುಂದೆ ನಿಂತ. ಅವನಿಗೆ ಹಿಟ್ಟು ನಾದಲು ಕಲಿಸಿದವನು ಆ ಅಪ್ಪನೇ. ಐವತ್ತೇಳರ ಗಂಡಸು, ಅವನೆದುರು ಮದುವೆ ಮುರಿಯಿತೆನ್ನಲು ಹೆದರಿದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಕೈಗಳು ತಾವಾಗಿ ಕೂಡಿದವು, ಮೂರು ಸಲ ಬಗ್ಗಿ ನಮಸ್ಕರಿಸಿದ.

ಮಗಳು ಬಾಗಿಲಲ್ಲೇ ಕಾದಿದ್ದಳು. "ದೊಡ್ಡಪ್ಪ ಏನಂದ್ರು?"

"ನಿಂಗೆ ಆಶೀರ್ವಾದ ಹೇಳಿದಾರೆ."

ಯುಕ್‌ಹಾ ಅವನ ಬರಿಗೈಗಳನ್ನು ನೋಡಿದಳು. ಆಮೇಲೆ, "ಬನ್ನಿ, ಬಿಸಿಲಲ್ಲಿ ಬಂದಿದೀರ," ಎಂದು ಒಳಗಿನಿಂದ ನೀರು ತಂದುಕೊಟ್ಟಳು. ಒಂದು ಮಾತು ಬೈದಿದ್ದರೂ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.